ಸ್ತನದ ಎಂಆರ್‌ಐ: ಸ್ಕ್ಯಾನ್ ಸೆಂಟರ್‌ಗಿಂತ ಮೊದಲು ಸೋದರತ್ತೆಗೆ ಫೋನ್ ಮಾಡಿ

“ನಿಮ್ಮ ತಾಯಿಗೆ ಇತ್ತೇ?” ಎಂದು ಕೇಳಿದರು. ಇಲ್ಲ ಎಂದೆ. “ಅಕ್ಕತಂಗಿಯರಿಗೆ?” ಇಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಹೆಲ್ತ್ ಚೆಕಪ್‌ನಲ್ಲಿ ನನ್ನ ಮನೆತನದ ಕ್ಯಾನ್ಸರ್ ಚರಿತ್ರೆ ಹೀಗೆ ಅರ್ಧ ನಿಮಿಷದಲ್ಲಿ ದಾಖಲಾಗಿ ಮುಗಿಯಿತು. ಅಪ್ಪನ ಅಕ್ಕ 41ನೇ ವಯಸ್ಸಿಗೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅಪ್ಪನ ತಾಯಿ “ಹೊಟ್ಟೆಯಲ್ಲಿ ನೀರು ತುಂಬಿ” ಹೋಗಿದ್ದರು. ಅಪ್ಪನ ಕಡೆಯದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ದೊಡ್ಡಪ್ಪನ ಮಗಳಿಗೆ ಗಂಟು ಕಾಣಿಸಿಕೊಂಡು, ಅವಳ ರಕ್ತದಲ್ಲಿ ಬಿಆರ್‌ಸಿಎ1 ಜೀನಿನ ದೋಷ, ಅಂದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ, ವಂಶದಲ್ಲಿ ಇಳಿದುಬರುವ ದೋಷ, ಸಿಕ್ಕಿದಾಗ ನಾವೆಲ್ಲ ಎಚ್ಚೆತ್ತೆವು. ನನಗೂ ಅದೇ ದೋಷ ಬಂದಿದೆ ಎಂದು ಗೊತ್ತಾದಾಗ ನನಗೆ 37. ಅಂದಿನಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಮಾಡಿಸಿಕೊಳ್ಳುತ್ತಿದ್ದೇನೆ. ಮೊದಲ ಸಲ ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಕಡತ ಹಿಡಿದು ಕಾರಿಡಾರ್‌ಗಳಲ್ಲಿ ಕಾದು ಕಲಿತವಳು. ಕೊನೆಯ ಮಾತು ನಿಮ್ಮ ವೈದ್ಯರದ್ದೇ.

ಈ ಪರೀಕ್ಷೆ ನಿಮಗೆ ಬೇಕೇ?

ಹೆಚ್ಚಿನವರಿಗೆ ಬೇಡ. ಯಂತ್ರ ದೊಡ್ಡದು, ಬೆಲೆ ದೊಡ್ಡದು, ಆದ್ದರಿಂದ ಪರೀಕ್ಷೆಯೂ ದೊಡ್ಡದಿರಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಎಂಆರ್‌ಐ ಬಹಳ ಸೂಕ್ಷ್ಮ ಎನ್ನುವುದು ನಿಜ. ಆದರೆ ಅದು ಕ್ಯಾನ್ಸರ್ ಅಲ್ಲದ್ದನ್ನೂ ಅಷ್ಟೇ ಉತ್ಸಾಹದಿಂದ ತೋರಿಸುತ್ತದೆ. ನೆದರ್ಲೆಂಡ್ಸ್‌ನಲ್ಲಿ ಅತಿ ದಟ್ಟ ಸ್ತನಗಳಿರುವ (ಕೊಬ್ಬು ಕಡಿಮೆ, ಗ್ರಂಥಿಯ ಅಂಗಾಂಶ ಹೆಚ್ಚು), 50ರಿಂದ 75 ವರ್ಷದ 40,000ಕ್ಕೂ ಹೆಚ್ಚು ಮಹಿಳೆಯರ ನಡುವೆ ನಡೆದ ಡೆನ್ಸ್ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮ್ಯಾಮೊಗ್ರಾಂನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಏನೂ ಕಾಣದಿದ್ದವರಿಗೆ ಎಂಆರ್‌ಐ ಮಾಡಿದಾಗ, 1000 ಮಂದಿಯಲ್ಲಿ ಸುಮಾರು 16 ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 80 ಮಂದಿಯನ್ನು ಏನೂ ಇಲ್ಲದಿದ್ದರೂ ಮತ್ತೆ ಕರೆಸಬೇಕಾಯಿತು. ಆ 16 ಮಂದಿಯ ಪಾಲಿಗೆ ಇದು ವರ. ಆ 80 ಮಂದಿಯ ನಿದ್ದೆಗೆಟ್ಟ ರಾತ್ರಿಗಳೂ ಲೆಕ್ಕಕ್ಕೆ ಬರಬೇಕಲ್ಲ.

ಹಾಗಾಗಿ ತಪಾಸಣೆಗೆಂದು ಎಂಆರ್‌ಐಯನ್ನು ಸಾಮಾನ್ಯವಾಗಿ ಸೂಚಿಸುವುದು ಅಪಾಯ ಹೆಚ್ಚಿರುವವರಿಗೆ ಮಾತ್ರ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನಲ್ಲಿ ದೋಷವಿರುವವರು, ಅಂಥವರ ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಇನ್ನೂ ಪರೀಕ್ಷೆ ಮಾಡಿಸಿಕೊಳ್ಳದವರು, ಲಿ-ಫ್ರೌಮೆನಿಯಂಥ ಅಪರೂಪದ ಆನುವಂಶಿಕ ತೊಂದರೆಯಿರುವ ಕುಟುಂಬದವರು, 10ರಿಂದ 30 ವರ್ಷದೊಳಗೆ ಬೇರೆ ಯಾವುದೋ ಕ್ಯಾನ್ಸರ್‌ಗೆಂದು ಎದೆಯ ಭಾಗಕ್ಕೆ ರೇಡಿಯೇಷನ್ ಪಡೆದವರು, ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 20ಕ್ಕಿಂತ ಹೆಚ್ಚೆಂದು ಲೆಕ್ಕಹಾಕಲಾದವರು ಈ ಗುಂಪಿಗೆ ಸೇರುತ್ತಾರೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2007ರಲ್ಲಿ ಹಾಕಿಕೊಟ್ಟ ಗೆರೆ ಹೆಚ್ಚುಕಡಿಮೆ ಇದೇ. ಇವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ, ಜೊತೆಗೆ ಮ್ಯಾಮೊಗ್ರಾಂ. ಸಾಮಾನ್ಯವಾಗಿ 30ನೇ ವಯಸ್ಸಿನಿಂದ, ಬಿಆರ್‌ಸಿಎ ದೋಷವಿದ್ದರೆ ಎಂಆರ್‌ಐ ಮಾತ್ರ 25ರಿಂದಲೇ ಶುರುವಾಗುವುದುಂಟು.

ಮಿಕ್ಕವರು ಏನು ಮಾಡಬೇಕು? ತರಬೇತಿ ಪಡೆದವರ ಕೈಯಿಂದ ಸ್ತನ ಪರೀಕ್ಷೆ ಮಾಡಿಸಿಕೊಳ್ಳಿ. ಅದನ್ನು ಹಗುರವಾಗಿ ಕಾಣಬೇಡಿ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಒಂದೂವರೆ ಲಕ್ಷ ಮಹಿಳೆಯರ ನಡುವೆ 20 ವರ್ಷ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಿದೆ. ಮ್ಯಾಮೊಗ್ರಾಂ ಯಾವಾಗಿನಿಂದ ಎಂಬುದನ್ನು ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ.

ಇಲ್ಲೊಂದು ಎಚ್ಚರಿಕೆ. ಈಗಾಗಲೇ ಗಂಟು ಕೈಗೆ ಸಿಗುತ್ತಿದ್ದರೆ, ತೊಟ್ಟಿನಿಂದ ರಕ್ತ ಒಸರುತ್ತಿದ್ದರೆ, ತೊಟ್ಟು ಹೊಸದಾಗಿ ಒಳಕ್ಕೆ ಸೇದಿಕೊಂಡಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದಿದ್ದರೆ, ಕಂಕುಳಲ್ಲಿ ಗಡ್ಡೆಯಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ವೈದ್ಯರ ಬಳಿ ಹೋಗಿ. ಅದು ಲಕ್ಷಣವಿಲ್ಲದವರಿಗೆ ಮಾಡುವ ತಪಾಸಣೆಯಲ್ಲ, ರೋಗಪತ್ತೆ. ಅದಕ್ಕೆ ಮೊದಲು ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಬೇಕಿದ್ದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು). ಎಂಆರ್‌ಐಗೆಂದು ಕಾಯುತ್ತಾ ಕೂರಬಾರದು.

ವಂಶವೃಕ್ಷ ಬರೆಯಿರಿ, ಎರಡೂ ಕಡೆಯದು

ನನ್ನ ಅನುಭವದಲ್ಲಿ ಇಡೀ ಕೆಲಸದಲ್ಲಿ ಅತಿ ಕಷ್ಟದ ಹಂತ ಇದೇ. ಬಿಆರ್‌ಸಿಎ ದೋಷ ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಯಾರಲ್ಲಿದ್ದರೂ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸರಲ್ಲಿ ಅದು ಸದ್ದಿಲ್ಲದೆ ಕುಳಿತು ಮಗಳಿಗೆ ಇಳಿಯಬಹುದು. ನಮ್ಮಪ್ಪನಿಗೆ ಎಪ್ಪತ್ತಾದರೂ ಏನೂ ಆಗಿರಲಿಲ್ಲ.

ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ. ಸ್ತನ ಮಾತ್ರವಲ್ಲ, ಅಂಡಾಶಯ, ಮೇದೋಜೀರಕ ಗ್ರಂಥಿ, ಪ್ರಾಸ್ಟೇಟ್ ಕ್ಯಾನ್ಸರ್‌ಗಳನ್ನೂ ಬರೆಯಿರಿ. ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಅಡಿಗೆರೆ ಹಾಕಿ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ತಂದೆಯ ಕಡೆ, ತಾಯಿಯ ಕಡೆ ಎಂಬ ಗೆರೆ ಸಿಕ್ಕುಸಿಕ್ಕಾಗಿರುತ್ತದೆ. ಒಂದು ಕಡೆಯ ಅಜ್ಜಿ ಇನ್ನೊಂದು ಕಡೆಯ ಮುತ್ತಜ್ಜಿಯಾಗಿರುತ್ತಾಳೆ. ಅದನ್ನೂ ಮುಚ್ಚಿಡದೆ ಹಾಗೆಯೇ ಬರೆಯಿರಿ, ವೈದ್ಯರಿಗೆ ಅದು ಬೇಕು.

ಹಿರಿಯರ ಮಾತನ್ನು ಬಿಡಿಸಿ ಓದಬೇಕಾಗುತ್ತದೆ. ಕ್ಯಾನ್ಸರ್ ಎಂಬ ಪದವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. “ಗಡ್ಡೆ ಆಗಿತ್ತು”, “ಎದೆಯಲ್ಲಿ ಹುಣ್ಣಾಗಿತ್ತು”, “ಬಾಂಬೆಗೆ ಕರೆದುಕೊಂಡು ಹೋಗಿದ್ದರು” ಎನ್ನುತ್ತಾರೆ. ನಮ್ಮಜ್ಜಿಯ “ಹೊಟ್ಟೆಯಲ್ಲಿ ನೀರು” ಎಂಬ ಮಾತಿನ ಹಿಂದೆ ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು ಎಂದು ನನಗೆ ಹೇಳಿದ್ದು ಜೆನೆಟಿಕ್ ಕೌನ್ಸೆಲರ್. ಲಿವರ್ ಕಾಯಿಲೆಯಲ್ಲೂ ನೀರು ತುಂಬುತ್ತದೆ, ಹಾಗಾಗಿ ಖಚಿತವಿಲ್ಲ, ಆದರೆ ಹಾಳೆಯಲ್ಲಿ ಆ ಸಾಲು ಇರಲೇಬೇಕು ಎಂದರು. ಮಾಹಿತಿ ಸಿಕ್ಕಿದ್ದು ತುಮಕೂರಿನಲ್ಲಿರುವ ಕಿರಿಯ ಸೋದರತ್ತೆಯಿಂದ. ಅಪ್ಪನಿಗೆ ತನ್ನ ತಾಯಿಯ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಅತ್ತೆಗೆ ಯಾವ ಮಳೆಗಾಲದಲ್ಲಿ, ಯಾವ ಆಸ್ಪತ್ರೆಯಲ್ಲಿ, ಯಾರು ಬುತ್ತಿ ಒಯ್ಯುತ್ತಿದ್ದರು ಎಂಬುದೂ ನೆನಪಿತ್ತು. “ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರಲ್ಲ, ಅದಕ್ಕೇ ಯಾರೂ ಮಾತಾಡಲಿಲ್ಲ ಕಣಮ್ಮ” ಎಂದರು. ಆ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು.

ಹಾಳೆ ಹಿಡಿದು ಎಲ್ಲಿಗೆ ಹೋಗಬೇಕು?

ಸ್ಕ್ಯಾನ್ ಸೆಂಟರ್‌ಗಲ್ಲ. ಸ್ತನ ಶಸ್ತ್ರಚಿಕಿತ್ಸಕರ ಬಳಿಗೆ, ಆಂಕಾಲಜಿಸ್ಟ್ (ಕ್ಯಾನ್ಸರ್ ತಜ್ಞರ) ಬಳಿಗೆ, ಇಲ್ಲವೇ ಜೆನೆಟಿಕ್ ಕ್ಲಿನಿಕ್‌ಗೆ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ಹಿಡಿದು ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳವರೆಗೆ ಆಯ್ಕೆಗಳಿವೆ. ಟೈರರ್-ಕ್ಯೂಜಿಕ್‌ನಂಥ ಲೆಕ್ಕಾಚಾರದಲ್ಲಿ ನಿಮ್ಮ ಹಾಳೆಯ ವಿವರ ತುಂಬಿ, ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ ಎಷ್ಟೆಂದು ಅವರು ಹೇಳಬಹುದು. ಅವೆಲ್ಲ ಬಹುಮಟ್ಟಿಗೆ ಪಾಶ್ಚಾತ್ಯ ಮಹಿಳೆಯರ ಅಂಕಿಅಂಶಗಳ ಮೇಲೆ ಕಟ್ಟಿದವು, ಆದ್ದರಿಂದ ಬಂದ ಸಂಖ್ಯೆಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ.

ಜೀನ್ ಪರೀಕ್ಷೆಗೆ ರಕ್ತ ಅಥವಾ ಎಂಜಲು ಸಾಕು. ಮನೆಯಲ್ಲಿ ಕ್ಯಾನ್ಸರ್ ಬಂದವರು ಯಾರಾದರೂ ಬದುಕಿದ್ದರೆ ಮೊದಲ ಪರೀಕ್ಷೆ ಅವರದ್ದಾಗಲಿ. ಅವರಲ್ಲಿ ದೋಷ ಸಿಕ್ಕಿ ನಿಮ್ಮಲ್ಲಿ ಸಿಗದಿದ್ದರೆ ಆ ಸಮಾಧಾನಕ್ಕೆ ಗಟ್ಟಿ ಅರ್ಥವಿದೆ. ಅವರನ್ನು ಬಿಟ್ಟು ನೀವು ಮಾತ್ರ ಮಾಡಿಸಿ “ಇಲ್ಲ” ಎಂದು ಬಂದರೆ ಅಷ್ಟು ಗಟ್ಟಿಯಾಗಿ ನಂಬುವಂತಿಲ್ಲ.

ಆ ಭೇಟಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಎಂಆರ್‌ಐಯಲ್ಲಿ ಮಾತ್ರ ಕಾಣುವ ಏನಾದರೂ ಸಿಕ್ಕರೆ ಮುಂದೆ ಯಾರು, ಎಲ್ಲಿ, ಹೇಗೆ ಬಯಾಪ್ಸಿ ಮಾಡುತ್ತಾರೆ? ಸ್ತನದ ಎಂಆರ್‌ಐ ಮಾಡುವ ಜಾಗಗಳೆಲ್ಲ ಎಂಆರ್‌ಐ ನೋಡಿಕೊಂಡೇ ಬಯಾಪ್ಸಿ ಮಾಡುವ ಜಾಗಗಳಲ್ಲ. ಇದಕ್ಕೆ ಉತ್ತರ ಸಿಗದೆ ಸ್ಕ್ಯಾನ್‌ಗೆ ಹೊರಟರೆ, ಕೈಗೆ ಭಯ ಬರುತ್ತದೆ, ದಾರಿ ಬರುವುದಿಲ್ಲ.

ಬುಕ್ ಮಾಡುವಾಗ ನಾಚಿಕೆ ಬೇಡ

ನಾನು ಮೊದಲ ಸಲ ಫೋನಿನಲ್ಲಿ “ಎದೆಯ ಎಂಆರ್‌ಐ” ಎಂದೆ. ಸ್ತನ ಎನ್ನಲು ನಾಲಿಗೆ ಏಳಲಿಲ್ಲ. ಅವರು ಶ್ವಾಸಕೋಶವೆಂದು ತಿಳಿದರು. ಅದನ್ನು ಸರಿಪಡಿಸಿದ ಮೇಲೂ ಕಾಂಟ್ರಾಸ್ಟ್ (ಚಿತ್ರದಲ್ಲಿ ಹೊಳೆಯಲೆಂದು ರಕ್ತಕ್ಕೆ ಕೊಡುವ ಮದ್ದು) ಇಲ್ಲದ ಸ್ಕ್ಯಾನ್ ಬುಕ್ ಆಯಿತು. ಅಂಥ ಸ್ಕ್ಯಾನ್ ಇರುವುದು ಮುಖ್ಯವಾಗಿ ಸಿಲಿಕೋನ್ ಇಂಪ್ಲಾಂಟ್ ಒಡೆದಿದೆಯೇ ಎಂದು ನೋಡಲು. ಕ್ಯಾನ್ಸರ್ ತಪಾಸಣೆಗೆ ಅದು ದುಡ್ಡು ದಂಡ. “ಬ್ರೆಸ್ಟ್ ಎಂಆರ್‌ಐ ವಿತ್ ಕಾಂಟ್ರಾಸ್ಟ್” ಎಂದು ಸ್ಪಷ್ಟವಾಗಿ ಹೇಳಿ, ವೈದ್ಯರ ಚೀಟಿಯ ಫೋಟೊ ಕಳುಹಿಸಿ.

ಕಾಂಟ್ರಾಸ್ಟ್ ಏಕೆ ಬೇಕು? ಬೆಳೆಯುವ ಗಡ್ಡೆ ತನಗೆಂದು ಹೊಸ ರಕ್ತನಾಳಗಳನ್ನು ಕಟ್ಟಿಕೊಳ್ಳುತ್ತದೆ. ಅವು ಅವಸರದಲ್ಲಿ ಕಟ್ಟಿದ ನಲ್ಲಿಗಳಂತೆ ಸೋರುತ್ತವೆ. ಕೈಯ ನರಕ್ಕೆ ಕೊಟ್ಟ ಗ್ಯಾಡೊಲಿನಿಯಂ ಮದ್ದು ಮೊದಲ ಒಂದೆರಡು ನಿಮಿಷದಲ್ಲೇ ಅಲ್ಲಿ ನುಗ್ಗಿ ಹೊಳೆಯುತ್ತದೆ, ಎಷ್ಟೋ ಸಲ ಅಷ್ಟೇ ಬೇಗ ಇಳಿದುಹೋಗುತ್ತದೆ. ಏರಿಳಿತದ ಆ ವೇಗವನ್ನೇ ರೇಡಿಯಾಲಜಿಸ್ಟ್ ಓದುವುದು. ಮದ್ದಿಲ್ಲದೆ ಓದಲು ಹೆಚ್ಚೇನೂ ಇರುವುದಿಲ್ಲ.

ಫೋನಿನಲ್ಲೇ ಇನ್ನೂ ಮೂರು ಮಾತು ಕೇಳಿ. ಸ್ತನಕ್ಕೆಂದೇ ಮಾಡಿದ ಕಾಯಿಲ್ (ಚಿತ್ರಕ್ಕೆ ಬೇಕಾದ ಸಂಕೇತ ಹಿಡಿಯುವ ಚೌಕಟ್ಟು) ಇದೆಯೇ? ಅದಿಲ್ಲದ ಕಡೆ ಮಾಡಿಸಬೇಡಿ. ಯಂತ್ರದ ಅಯಸ್ಕಾಂತದ ಬಲ 1.5 ಅಥವಾ 3 ಟೆಸ್ಲಾವೇ? ಎರಡೂ ಆಗುತ್ತದೆ, 3 ಟೆಸ್ಲಾ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಮರುಳಾಗಬೇಕಿಲ್ಲ. ವರದಿ ಬರೆಯುವವರು ಸ್ತನದ ಚಿತ್ರಗಳನ್ನು ನಿತ್ಯ ಓದುವವರೇ? ನನ್ನ ಮಟ್ಟಿಗೆ ಯಂತ್ರಕ್ಕಿಂತ ಓದುವ ಕಣ್ಣು ಮುಖ್ಯ.

ಮೂತ್ರಪಿಂಡದ ತೊಂದರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ, ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಸ್ತನ ಮರುರಚನೆಗೆ ಇಟ್ಟ ಎಕ್ಸ್‌ಪ್ಯಾಂಡರ್, ಕಣ್ಣಿಗೆ ಲೋಹದ ಚೂರು ಬಿದ್ದಿದ್ದುದು, ಕಾಪರ್-ಟಿ, ಎಲ್ಲವನ್ನೂ ಮೊದಲೇ ಹೇಳಿ. ಇವುಗಳಲ್ಲಿ ಕೆಲವು ತೊಂದರೆಯಿಲ್ಲ, ಕೆಲವು ಅಪಾಯ. ಯಾವುದು ಏನೆಂದು ನಿರ್ಧರಿಸುವುದು ಅವರ ಕೆಲಸ. ಮೂತ್ರಪಿಂಡ ಸರಿಯಿದೆಯೇ ಎಂದು ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳಬಹುದು. ಗರ್ಭಿಣಿಯರಿಗೆ ಈ ಮದ್ದು ಕೊಡುವುದನ್ನು ತಪ್ಪಿಸುತ್ತಾರೆ. ಎದೆಹಾಲು ಕುಡಿಸುತ್ತಿದ್ದರೆ ಹಾಲಿಗೆ ಸೇರುವ ಮದ್ದು ಅತ್ಯಲ್ಪ, ನಿಲ್ಲಿಸಬೇಕಾಗಿಲ್ಲ ಎನ್ನುತ್ತಾರೆ ತಜ್ಞರು.

ದಿನ ಗೊತ್ತುಮಾಡುವುದು ಪಂಚಾಂಗವಲ್ಲ, ಮುಟ್ಟು

ಮುಟ್ಟು ಇನ್ನೂ ನಿಲ್ಲದವರಿಗೆ ಚಕ್ರದ ಎರಡನೇ ವಾರ ಒಳ್ಳೆಯದು. ಮುಟ್ಟಾದ ದಿನವನ್ನು ಒಂದೆಂದು ಎಣಿಸಿ, 7ರಿಂದ 14ರೊಳಗೆ. ಆಮೇಲಿನ ದಿನಗಳಲ್ಲಿ ಹಾರ್ಮೋನ್‌ಗಳ ಪ್ರಭಾವದಿಂದ ಆರೋಗ್ಯವಂತ ಅಂಗಾಂಶವೂ ಮದ್ದನ್ನು ಹೀರಿಕೊಂಡು ಹೊಳೆಯುತ್ತದೆ. ದೀಪಾವಳಿಯ ರಾತ್ರಿ ಬೀದಿಯಲ್ಲಿ ಒಂದೇ ಹಣತೆಯನ್ನು ಹುಡುಕಿದಂತಾಗುತ್ತದೆ ಆಗ.

ಮುಟ್ಟಾದ ದಿನವೇ ಫೋನ್ ಮಾಡಿ ದಿನ ಹಿಡಿಯಿರಿ. ಸೆಂಟರಿನವರು “ನಾಳೆ ಬೆಳಿಗ್ಗೆ ಖಾಲಿಯಿದೆ, ಬಂದುಬಿಡಿ” ಎನ್ನುತ್ತಾರೆ, ಬೇಡ ಎನ್ನಲು ಕಲಿಯಿರಿ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಈ ಲೆಕ್ಕ ಕೈಕೊಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನ ತಿಂಗಳನ್ನು ನಾನು ಸ್ಕ್ಯಾನ್‌ಗೆ ಇಟ್ಟುಕೊಳ್ಳುವುದೇ ಇಲ್ಲ. ಮುಟ್ಟು ನಿಂತವರಿಗೆ ಯಾವ ದಿನವಾದರೂ ಸರಿ, ಹಾರ್ಮೋನ್ ಚಿಕಿತ್ಸೆಯಲ್ಲಿದ್ದರೆ ತಿಳಿಸಿ.

ಸ್ಕ್ಯಾನ್ ದಿನ

ಹಿಂದಿನ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಎಂಆರ್‌ಐ ಫಿಲ್ಮುಗಳು ಮತ್ತು ಸಿಡಿಗಳನ್ನು ಒಯ್ಯಿರಿ. ಹೋಲಿಸಿ ನೋಡಲು ಹಳೆಯದಿದ್ದರೆ ಎಷ್ಟೋ ಅನುಮಾನಗಳು ಅಲ್ಲಿಯೇ ಬಗೆಹರಿಯುತ್ತವೆ. ಊಟತಿಂಡಿಯ ವಿಚಾರದಲ್ಲಿ ಅವರು ಹೇಳಿದಂತೆ ಮಾಡಿ.

ಒಡವೆಗಳನ್ನು ಮನೆಯಲ್ಲೇ ಬಿಚ್ಚಿಡಿ. ಕಾಲುಂಗುರ, ಬಳೆ, ಓಲೆ, ಮೂಗುಬೊಟ್ಟು, ಮಾಂಗಲ್ಯ. ಮೂಗುಬೊಟ್ಟು ವರ್ಷಗಳಿಂದ ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ಅಕ್ಕಸಾಲಿಗರ ಅಂಗಡಿಗೆ ಹೋಗಿ ತಿರುಪು ಸಡಿಲ ಮಾಡಿಸಿ. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದವರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬಂದಿದ್ದನ್ನು ನೋಡಿದ್ದೇನೆ; ತಂತ್ರಜ್ಞೆ ನಕ್ಕು ಒಪ್ಪಿದರು. ಚಿನ್ನಕ್ಕಿಂತ ಭಯಂಕರವಾದದ್ದು ಪಿನ್ನು. ಬಳೆಗೆ, ಸರಕ್ಕೆ, ಸೆರಗಿಗೆ ಸಿಕ್ಕಿಸಿ ಮರೆತ ಸೇಫ್ಟಿ ಪಿನ್, ಮುಡಿಯೊಳಗಿನ ಹೇರ್‌ಪಿನ್ ಉಕ್ಕಿನವು. ಆ ಅಯಸ್ಕಾಂತದ ಮುಂದೆ ಅವು ಬಾಣಗಳಾಗುತ್ತವೆ. ಜರಿ ಸೀರೆಯೂ ಬೇಡ, ಹೇಗಿದ್ದರೂ ಗೌನ್ ಕೊಡುತ್ತಾರೆ.

ಮಲಗಬೇಕಾದದ್ದು ಬೋರಲು. ಸ್ತನಗಳು ಕಾಯಿಲ್‌ನ ಎರಡು ಕುಳಿಗಳೊಳಗೆ ಇಳಿಬೀಳುತ್ತವೆ, ಮ್ಯಾಮೊಗ್ರಾಂನಂತೆ ಗಟ್ಟಿಯಾಗಿ ಅದುಮುವುದಿಲ್ಲ. ಎದೆಮೂಳೆಯ ಮೇಲೆ ಭಾರ ಬಿದ್ದು ನೋಯುತ್ತದೆ. ಇನ್ನೊಂದು ಮೆತ್ತೆ ಬೇಕೆಂದು ಆಗಲೇ ಕೇಳಿ, ಶುರುವಾದ ಮೇಲೆ ಅಲುಗಾಡುವಂತಿಲ್ಲ. ಕೈಗೆ ಒತ್ತುವ ಚೆಂಡು ಕೊಡುತ್ತಾರೆ, ತೀರಾ ಆಗದಿದ್ದರೆ ಅದನ್ನು ಹಿಚುಕಿದರೆ ನಿಲ್ಲಿಸುತ್ತಾರೆ. ಕಿವಿಗೆ ಹತ್ತಿಯೋ ಹೆಡ್‌ಫೋನೋ ಇದ್ದರೂ ಸದ್ದು ಜೋರೇ: ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಾ ನಡುನಡುವೆ ಬಾಗಿಲು ಬಡಿದ ಹಾಗೆ. ಬೆಂಗಳೂರಿನಲ್ಲಿ ಬದುಕುವವರಿಗೆ ಅದೇನು ಹೊಸದಲ್ಲ. ಮದ್ದು ಹೋಗುವಾಗ ಕೈಯೊಳಗೆ ತಣ್ಣಗೆ ಹರಿದಂತಾಗುತ್ತದೆ. ಎಲ್ಲ ಸೇರಿ ಮುಕ್ಕಾಲು ಗಂಟೆಯೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ. ಹತ್ತು ನಿಮಿಷದ ಸಂಕ್ಷಿಪ್ತ ಎಂಆರ್‌ಐ ಕೂಡ ಬಂದಿದೆ, ಜರ್ಮನಿಯ ಕ್ರಿಸ್ಟಿಯಾನೆ ಕೂಲ್ ಮತ್ತು ಸಂಗಡಿಗರು 2014ರಲ್ಲಿ ಅದರ ದಾರಿ ತೋರಿಸಿದವರು. ನಿಮ್ಮ ಸೆಂಟರಿನಲ್ಲಿ ಇದೆಯೇ, ನಿಮಗೆ ಸಾಕೇ ಎಂದು ಕೇಳಬಹುದು.

ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಮೊದಲೇ ವೈದ್ಯರಿಗೆ ಹೇಳಿದರೆ ಸಣ್ಣ ಮಾತ್ರೆ ಕೊಡಬಹುದು. ಆ ದಿನ ಜೊತೆಗೊಬ್ಬರು ಬರಬೇಕು, ಗಾಡಿ ಓಡಿಸಬಾರದು. ಎಕ್ಸ್‌ರೇ ವಿಕಿರಣದ ಭಯ ಬೇಡ, ಎಂಆರ್‌ಐಯಲ್ಲಿ ಅದು ಇಲ್ಲವೇ ಇಲ್ಲ.

ವರದಿ ಕೈಗೆ ಬಂದಾಗ

ಮೆಟ್ಟಿಲ ಮೇಲೆ ನಿಂತು ಮೊಬೈಲ್‌ನಲ್ಲಿ ಒಂದೊಂದೇ ಪದ ಹುಡುಕುವುದು ಬೇಡ. ನಾನು ಹುಡುಕಿದೆ, ಆ ಸಂಜೆ ಊಟ ಸೇರಲಿಲ್ಲ. ಕೊನೆಯ ಸಾಲಿನಲ್ಲಿರುವ ಬೈರಾಡ್ಸ್ (BI-RADS) ಸಂಖ್ಯೆ ನೋಡಿ, ಅನುಮಾನ ಎಷ್ಟೆಂದು ಹೇಳುವ ಅಂಕಿ ಅದು. 1 ಮತ್ತು 2 ಎಂದರೆ ಚಿಂತೆಯಿಲ್ಲ. 0 ಎಂದರೆ ಕೆಟ್ಟದ್ದೆಂದಲ್ಲ, ಚಿತ್ರ ಪೂರ್ತಿಯಾಗಿಲ್ಲ, ಇನ್ನೊಂದು ಪರೀಕ್ಷೆ ಬೇಕು. 3 ಎಂದರೆ ಬಹುಪಾಲು ನಿರಪಾಯ, ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರ್ಥ. 4 ಎಂದರೆ ಬಯಾಪ್ಸಿ ಬೇಕು. ಈ ನಾಲ್ಕರ ಹರವು ಬಹಳ ಅಗಲ, ಶೇ 2ರಿಂದ 95ರವರೆಗೆ, ಆದ್ದರಿಂದ 4 ಕಂಡೊಡನೆ ಕುಸಿಯಬೇಕಿಲ್ಲ. 5 ಎಂದರೆ ಕ್ಯಾನ್ಸರ್ ಎಂದೇ ಬಲವಾದ ಅನುಮಾನ. 6 ಈಗಾಗಲೇ ಬಯಾಪ್ಸಿಯಲ್ಲಿ ಖಚಿತವಾದವರಿಗೆ.

ನನ್ನ ಮೊದಲ ವರದಿಯಲ್ಲಿ 4 ಇತ್ತು. ಎಂಆರ್‌ಐ ತೋರಿಸಿದ ಜಾಗವನ್ನೇ ಗುರಿಯಿಟ್ಟು ಮತ್ತೆ ಅಲ್ಟ್ರಾಸೌಂಡ್ ಮಾಡಿದರು. ಆಗ ಹುಡುಕುವ ಜಾಗ ಗೊತ್ತಿದ್ದುದರಿಂದ ಅದು ಸಿಕ್ಕಿತು, ಅಲ್ಲೇ ಸೂಜಿ ಹಾಕಿ ಚೂರು ತೆಗೆದರು. ಫೈಬ್ರೊಅಡೆನೋಮ, ನಿರಪಾಯದ ಗಂಟು. ಅಲ್ಟ್ರಾಸೌಂಡ್‌ನಲ್ಲಿ ಸಿಗದಿದ್ದರೆ ಎಂಆರ್‌ಐ ನೋಡಿಕೊಂಡೇ ಸೂಜಿ ಹಾಕಬೇಕಾಗುತ್ತಿತ್ತು. ವೈದ್ಯರನ್ನು ಮೊದಲೇ ಕೇಳಬೇಕೆಂದು ಹೇಳಿದ ಪ್ರಶ್ನೆ ಬೆಲೆಬಾಳುವುದು ಇಲ್ಲಿ.

ಎಂಆರ್‌ಐ ಶುಭ್ರವಾಗಿ ಬಂದಿತೆಂದು ಮ್ಯಾಮೊಗ್ರಾಂ ಬಿಡಬೇಡಿ. ಕೆಲವು ಆರಂಭಿಕ ಕ್ಯಾನ್ಸರ್‌ಗಳು ಸುಣ್ಣದ ಸಣ್ಣ ಚುಕ್ಕೆಗಳಾಗಿ ಮ್ಯಾಮೊಗ್ರಾಂನಲ್ಲಿ ಮಾತ್ರ ಕಾಣುತ್ತವೆ. ನನ್ನ ವೈದ್ಯರು ಎರಡನ್ನೂ ಆರು ತಿಂಗಳ ಅಂತರದಲ್ಲಿ ಇಟ್ಟಿದ್ದಾರೆ. ನಡುವೆ ಏನಾದರೂ ಗಂಟು ಕೈಗೆ ಸಿಕ್ಕರೆ ಮುಂದಿನ ತಾರೀಕಿಗೆ ಕಾಯುವ ಹಾಗಿಲ್ಲ.

ಹಣದ ಮಾತು. ಒಂದೇ ಬಡಾವಣೆಯ ಎರಡು ಸೆಂಟರ್‌ಗಳಲ್ಲಿ ಬೆಲೆ ಬೇರೆಬೇರೆ ಇರುತ್ತದೆ. ಕಾಂಟ್ರಾಸ್ಟ್ ಮದ್ದು, ಸಿಡಿ ಎಲ್ಲ ಸೇರಿ ಎಷ್ಟೆಂದು ಒಂದೇ ಮೊತ್ತ ಕೇಳಿ. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ತಪಾಸಣೆಗೆ ಹೆಚ್ಚಿನ ಆರೋಗ್ಯ ವಿಮೆಗಳು ಹಣ ಕೊಡುವುದಿಲ್ಲ, ಹೊರರೋಗಿ ಸೌಲಭ್ಯ ಇದ್ದರೆ ಕೇಳಿ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚದಲ್ಲಿ 5,000 ರೂಪಾಯಿವರೆಗೆ, ವಿಮಾ ಕಂತಿನ ಒಟ್ಟು ಮಿತಿಯೊಳಗೆ, ಕಡಿತ ಸಿಗುತ್ತದೆ. ಪೂರ್ತಿ ಬೆಲೆಗೆ ಅದು ಸಾಲದು, ಆದರೂ ರಸೀದಿ ಇಟ್ಟುಕೊಳ್ಳಿ.

ಸಿಡಿಯನ್ನು, ವರದಿಯನ್ನು, ವಂಶವೃಕ್ಷದ ಹಾಳೆಯನ್ನು ಒಂದೇ ಕಡತದಲ್ಲಿಡಿ. ನನ್ನ ಜೀನ್ ವರದಿಯ ಆರು ನಕಲು ತೆಗೆಸಿ ಅಪ್ಪನ ಕಡೆಯ ಮಕ್ಕಳಿಗೆಲ್ಲ ಒಂದೊಂದು ಕೊಟ್ಟೆ, ಗಂಡುಮಕ್ಕಳಿಗೂ. ಇಬ್ಬರು ಪರೀಕ್ಷೆ ಮಾಡಿಸಿಕೊಂಡರು. ಒಬ್ಬಳು ಕವರ್ ಒಡೆಯಲಿಲ್ಲ. ತುಮಕೂರಿನ ಅತ್ತೆ ಮಾತ್ರ ತಮ್ಮ ಮಗಳನ್ನು ಕರೆದುಕೊಂಡು, ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ನೇರವಾಗಿ ನಮ್ಮ ಮನೆಗೇ ಬಂದರು: “ಬಾ, ಎಲ್ಲಿ ಹೋಗಬೇಕು ತೋರಿಸು.”